ವರ್ಜ್ಯದಲ್ಲಿ ಕೂತ ಕಾರ್ಡು

ಸರ್ವರ್ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಕೆಟ್ಟ ಕಾರ್ಡು ಕೀಳುವುದು, ಹೊಸದು ಕೂರಿಸುವುದು ನನ್ನ ಕೆಲಸ. ಎಲ್ಲ ಕಡೆ ಹತ್ತು ನಿಮಿಷದಲ್ಲಿ ಮುಗಿಯುವ ಈ ಕೆಲಸದಲ್ಲಿ, ಚಾಮರಾಜಪೇಟೆಯ ಆ ಪಂಚಾಂಗದ ಪ್ರೆಸ್ಸಿಗೆ ಹೋದಾಗೆಲ್ಲ ಏನಾದರೊಂದು ಎಡವಟ್ಟಾಗುತ್ತದೆ. ನನ್ನ ಜಾತಕದಲ್ಲೇ ಇರಬೇಕು. ತೋರಿಸೋಣವೆಂದರೆ ಜಾತಕ ನೋಡುವವರೇ ಅಲ್ಲಿಯ ತಾಪತ್ರಯ.

ಕುಂಕುಮ

ಮೊದಲ ಸಲ ಹೋಗಿದ್ದು ಆಯುಧಪೂಜೆ ಮುಗಿದ ವಾರ. ಸರ್ವರ್ ಆನ್ ಆಗುತ್ತಿಲ್ಲ ಎಂದು ಪ್ರೆಸ್ಸಿನ ಯಜಮಾನರು ಫೋನ್ ಮಾಡಿದ್ದರು. ಡಬ್ಬದ ಮೇಲೆ ವಿಭೂತಿ, ಚೆಂಡುಹೂವು. ಅದು ಎಲ್ಲ ಕಡೆ ಇದ್ದದ್ದೇ. ಮುಚ್ಚಳ ತೆಗೆದರೆ ಒಳಗಿನ ಒಂದೊಂದು ಕಾರ್ಡಿಗೂ ಒದ್ದೆ ಅರಿಶಿನ, ಕುಂಕುಮ!

"ಒಳಗ್ಯಾಕೆ ಸಾರ್ ಹಚ್ಚಿದ್ರಿ?"

"ಕೆಲಸ ಮಾಡೋದು ಒಳಗಿರೋವು ತಾನೇ? ಬರೀ ಡಬ್ಬಕ್ಕೆ ಪೂಜೆ ಮಾಡಿ ಏನು ಬಂತು?"

ಮೂರು ಕಾರ್ಡು ಬದಲಾಯಿಸಿದೆ. ಹೊರಡುವಾಗ ನನ್ನ ಸ್ಕ್ರೂಡ್ರೈವರಿಗೂ ಒಂದು ಬೊಟ್ಟಿಟ್ಟು ಕಳಿಸಿದರು.

ಮಡಿ

ಅಲ್ಲಿ ಪಂಚಾಂಗ ಗುಣಿಸುವವರು ಎಪ್ಪತ್ತು ದಾಟಿದ ಒಬ್ಬ ಜೋಯಿಸರು. ಇನ್ನೊಂದು ಸಲ ನಾನು ಕೈಗೆ ಪಟ್ಟಿ ಕಟ್ಟಿಕೊಳ್ಳುವುದನ್ನು ನೋಡಿ, "ಇದೇನು?" ಅಂದರು. ಮೈಯಲ್ಲಿರುವ ಕರೆಂಟು ತಗುಲಿದರೆ ಕಾರ್ಡು ಸುಟ್ಟುಹೋಗುತ್ತದೆ, ಪಟ್ಟಿ ಕಟ್ಟಿದ ಮೇಲೆಯೇ ಮುಟ್ಟಬೇಕು, ಅದೂ ಅಂಚು ಮಾತ್ರ ಎಂದೆ.

ಅವರ ಮುಖ ಅರಳಿತು. "ಮಡಿ ಅನ್ನಿ!"

ಅಲ್ಲಿಂದ ಅವರೇ ಕಾವಲು. ಯಜಮಾನರು ಹತ್ತಿರ ಬಂದರೆ "ದೂರ, ದೂರ!" ನಾನು ಮಧ್ಯದಲ್ಲೊಮ್ಮೆ ಫೋನೆತ್ತಿದ್ದೇ ತಪ್ಪಾಯಿತು. "ಮೈಲಿಗೆ ಆಯ್ತು, ಕೈ ತೊಳ್ಕೊಂಡು ಬನ್ನಿ!" ಒದ್ದೆ ಕೈಯಲ್ಲಿ ನಾನು ಕಾರ್ಡು ಮುಟ್ಟುವ ಹಾಗಿಲ್ಲ, ತೊಳೆಯದ ಕೈಯಲ್ಲಿ ಅವರು ಮುಟ್ಟಗೊಡುವ ಹಾಗಿಲ್ಲ. ಬಟ್ಟೆಗೆ ಒರೆಸಿದರೆ ಮತ್ತೆ ಮೈಲಿಗೆಯಂತೆ. ಎರಡೂ ಕೈ ಮೇಲೆತ್ತಿಕೊಂಡು ಫ್ಯಾನಿನ ಕೆಳಗೆ ನಿಂತೆ.

ವರ್ಜ್ಯ

ಈ ವರ್ಷದ್ದು ಮಾತ್ರ ಎಲ್ಲವನ್ನೂ ಮೀರಿಸಿತು. ಡಿಸ್ಕುಗಳನ್ನು ನೋಡಿಕೊಳ್ಳುವ ಕಾರ್ಡೇ ಸತ್ತುಹೋಯಿತು. ಬರುವ ವರ್ಷದ ಇಡೀ ಪಂಚಾಂಗ, ಅಂದರೆ ಜೋಯಿಸರ ಹತ್ತು ತಿಂಗಳ ದುಡಿಮೆ, ಒಳಗೆ ಸಿಕ್ಕಿಕೊಂಡಿತ್ತು. ಇನ್ನೊಂದು ಕಾಪಿ ಇಟ್ಟುಕೊಳ್ಳಿ ಎಂದು ನಾನು ಹೇಳಿ ಹೇಳಿ ಸೋತಿದ್ದೆ. ಸಂಜೆಯೊಳಗೆ ಅಚ್ಚಿಗೆ ಹೋಗದಿದ್ದರೆ ಯುಗಾದಿಗೆ ಅಂಗಡಿಗಳಲ್ಲೆಲ್ಲ ಪೈಪೋಟಿಗೆ ನಿಂತ ಎದುರು ಪ್ರೆಸ್ಸಿನ ಪಂಚಾಂಗವೇ. ಜೋಯಿಸರು ಬೆಳಗಿನಿಂದ ಕಾಫಿ ಕೂಡ ಕುಡಿದಿರಲಿಲ್ಲ.

ಹೊಸ ಕಾರ್ಡು ಕೈಗೆತ್ತಿಕೊಂಡೆ.

"ತಡೀರಿ," ಎಂದರು ಜೋಯಿಸರು. "ವರ್ಜ್ಯ ಇದ್ಯೋ ಏನೋ."

ವರ್ಜ್ಯವೆಂದರೆ ಒಳ್ಳೆಯ ಕೆಲಸಕ್ಕೆ ಕೈ ಹಾಕಬಾರದ ಹೊತ್ತು. ದಿನಕ್ಕೊಂದು ಥರ; ಪಂಚಾಂಗ ನೋಡಿಯೇ ತಿಳಿಯಬೇಕು. ನೋಡೋಣವೆಂದರೆ ಈ ವರ್ಷದ ಪಂಚಾಂಗವೂ ಅದೇ ಸರ್ವರಿನೊಳಗೆ! ಅಚ್ಚಾದ ಕೊನೆಯ ಪ್ರತಿಯನ್ನೂ ಯಜಮಾನರು ಯಾರಿಗೋ ಕೊಟ್ಟುಬಿಟ್ಟಿದ್ದರು. ಕೊನೆಗೆ ಅವರೇ ಹೋಗಿ ಎದುರು ಪ್ರೆಸ್ಸಿನದನ್ನು ಕೊಂಡು, ಯಾರಿಗೂ ಕಾಣದಂತೆ ಪೇಪರಿನಲ್ಲಿ ಸುತ್ತಿಕೊಂಡು ತಂದರು. ಜೋಯಿಸರು ಮುಖ ಸಿಂಡರಿಸಿಕೊಂಡೇ ತೆರೆದರು. ವರ್ಜ್ಯ ಮೂರೂವರೆವರೆಗೆ ಎಂದಿತ್ತು. ಗಡಿಯಾರದಲ್ಲಿ ಎರಡೂ ಮುಕ್ಕಾಲು.

ಕಾಯುವ ತಾಳ್ಮೆ ನನಗಿರಲಿಲ್ಲ. "ಜೋಯಿಸ್ರೇ, ಎದುರು ಪ್ರೆಸ್ಸಿನ ಜೋಯಿಸರ ಲೆಕ್ಕಾನ ನೀವು ನಂಬ್ತೀರಾ?"

"ಛೆ, ಆ ಮನುಷ್ಯನ್ನ ನಂಬೋದಾ? ಹಾಕಿ ನೀವು!"

ಒತ್ತಿ ಕೂರಿಸಿದೆ. ಸರ್ವರ್ ಗುಂಯ್ ಎಂದು ಎದ್ದಿತು. ಫೈಲುಗಳೆಲ್ಲ ಕ್ಷೇಮ. ಜೋಯಿಸರ ಕಣ್ಣಲ್ಲಿ ನೀರು. "ನೋಡಿದ್ರಾ! ನಾನು ಯಾವತ್ತೋ ಹೇಳಿದ್ದೆ, ಅವನ ಗಣಿತವೇ ತಪ್ಪು!" ಎಂದು, ತಮ್ಮ ಪಂಚಾಂಗದಲ್ಲಿ ಆ ದಿನದ ಪುಟ ತೆಗೆಸಿದರು.

ವರ್ಜ್ಯ ನಾಲ್ಕರವರೆಗೆ ಎಂದಿತ್ತು.

ಜೋಯಿಸರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ನಾಲ್ಕೇ. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು:

"ಇಂಜಿನಿಯರ್ರೇ, ಆ ಕಾರ್ಡು ಕಿತ್ತಿಡಿ. ನಾಲ್ಕು ಗಂಟೆ ಐದು ನಿಮಿಷಕ್ಕೆ ಮತ್ತೆ ಹಾಕೋಣ."