ಕೊಲೆ ಕಥೆಗೆ ಬಲಿಯಾದ ಹಿತಕಿದ ಬೇಳೆ

"ಈ ಸಲ ನಾನು ಬರೀತಿರೋ ಕಾದಂಬರಿ ಕೈಗೆತ್ಕೊಂಡೋರು ಬಾಯಿಗಿಟ್ಟ ತುತ್ತು ನುಂಗೋದನ್ನೂ ಮರ್ತುಬಿಡ್ಬೇಕು ಕಣೇ! ಹಂಗೆ ಬರೀತೀನಿ!" ಎಂದು ಮುನಿರಾಜ್ ಮೇಷ್ಟ್ರು ಭಾನುವಾರ ಬೆಳ್ಳಂಬೆಳಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದರು.

"ಮೊದ್ಲು ಬಾಯಲ್ಲಿರೋ ನೊರೆ ಉಗುಳಿ. ಆಮೇಲೆ ಘೋಷಣೆ ಮಾಡೋರಂತೆ" ಎಂದಳು ಹೆಂಡತಿ ಕವಿತ.

ಕವಿತಳ ಮಾತಿನಲ್ಲಿ ಮುಳ್ಳಿತ್ತು ಅಂತ ತಿಳಿಯಬೇಡಿ. ಪಾಪ, ಅವಳು ಅನುಭವಿಸಿರುವುದು ಅಷ್ಟಿಷ್ಟಲ್ಲ. ತೂಬಗೆರೆ ಕಡೆಯ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಸಮಾಜ ಪಾಠ ಹೇಳುವ ನಮ್ಮ ಮೇಷ್ಟ್ರು ರಜೆ ಸಿಕ್ಕಿತೆಂದರೆ ಕಾದಂಬರಿಕಾರರು. ಅದೂ ಒಂದೇ ಬಗೆಯ ಕಾದಂಬರಿಗೆ ಅಂಟಿಕೊಳ್ಳುವ ಸಾಮಾನ್ಯ ಕಾದಂಬರಿಕಾರರಲ್ಲ! ಐತಿಹಾಸಿಕ ಬರೆದ ವರ್ಷ ಮನೆಯಲ್ಲಿ "ಎಲೌ ದೇವಿ, ಉಪಾಹಾರ ಸಿದ್ಧವಾಯಿತೇ?" ಎಂದು ಕೇಳಿ, "ಎಲೈ ಮಹಾರಾಜ, ಗ್ಯಾಸ್ ಖಾಲಿಯಾಗಿದೆ" ಎನಿಸಿಕೊಂಡಿದ್ದರು. ದೆವ್ವದ ಕಾದಂಬರಿ ಬರೆಯುವಾಗ ಅನುಭವ ಬೇಕೆಂದು ಹುಣಿಸೆಮರದ ಕೆಳಗೆ ಬಿಳಿ ಪಂಚೆ ಹೊದ್ದು ಕೂತು, ಹಾಲಿನ ಡೇರಿಗೆ ಹೊರಟಿದ್ದವರ ಕ್ಯಾನು ಉರುಳಿಸಿದ್ದರು. ಮಂಗಳಗ್ರಹದ ಕಾದಂಬರಿಯಲ್ಲಿ ನಾಯಕ ಅಲ್ಲಿಯೂ ರಾಗಿಮುದ್ದೆ ತೊಳಸುತ್ತಾನೆ. ಪ್ರೇಮ ಕಾದಂಬರಿಯನ್ನು ಓದಿ ಮುಗಿಸಿದ ಕವಿತ ಕೇಳಿದ್ದು ಒಂದೇ ಪ್ರಶ್ನೆ: "ಇದ್ರಲ್ಲಿ ಬರೋ ಆ ಜಡೆಯವ್ಳು ಯಾರು?" ಅದಕ್ಕೆ ಮೇಷ್ಟ್ರು ಇವತ್ತಿನವರೆಗೂ ಉತ್ತರ ಹೇಳಿಲ್ಲ.

ಈಗಿನದು ಪತ್ತೇದಾರಿ. ರೈಸ್ ಮಿಲ್ ಮಾಲೀಕನ ಕೊಲೆ! ಕೊಂದವರು ಯಾರು? ಹೆಂಡತಿಯೋ, ಭಾವಮೈದುನನೋ, ಅಡುಗೆಯವನೋ? ಕೊನೆಯ ಅಧ್ಯಾಯ ಒಂದು ಬಾಕಿ. ನಿಜ ಹೇಳಬೇಕೆಂದರೆ, ಕೊಂದವರು ಯಾರೆಂದು ಮೇಷ್ಟ್ರಿಗೇ ಇನ್ನೂ ಗೊತ್ತಾಗಿರಲಿಲ್ಲ.

"ಕಾದಂಬರಿ ಸುದ್ದಿ ಇವತ್ತು ಎತ್ತಬೇಡಿ" ಎಂದಳು ಕವಿತ. "ಮಧ್ಯಾಹ್ನಕ್ಕೆ ಹೆಣ್ಣು ನೋಡೋಕೆ ದೊಡ್ಡಬೆಳವಂಗಲದೋರು ಬರ್ತಾರೆ. ಜ್ಞಾಪಕ ಇದ್ಯಾ?"

ಇಲ್ಲದೆ ಏನು! ಮೇಷ್ಟ್ರ ಒಬ್ಬಳೇ ತಂಗಿ ಅರ್ಪಿತ. ಅಪ್ಪ ಹೋದಾಗ ಅವಳಿನ್ನೂ ಲಂಗ ಹಾಕುತ್ತಿದ್ದ ಹುಡುಗಿ. ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟು, ಕಾಲೇಜು ಓದಿಸಿ, ದಾಬಸ್‌ಪೇಟೆಯ ಗೋದಾಮಿನ ಆಫೀಸಿನಲ್ಲಿ ಕೆಲಸಕ್ಕೆ ಸೇರುವವರೆಗೂ ಬೆಳೆಸಿದವರು ಮೇಷ್ಟ್ರೇ. ಅದೇ ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿರುವ ಅಂಬರೀಶ್ ಅವಳನ್ನು ಮೆಚ್ಚಿದ್ದ, ಇವಳೂ ಮೆಚ್ಚಿದ್ದಳು. ಜಾತಕವೂ ಕೂಡಿತ್ತು. ಉಳಿದಿದ್ದು ಹುಡುಗನ ತಾಯಿ ರುಕ್ಮಿಣಮ್ಮನವರ ಒಪ್ಪಿಗೆ ಮಾತ್ರ. ಆಕೆ ಇದುವರೆಗೆ ಹೋದ ಮನೆಯಲ್ಲೆಲ್ಲ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹೆಣ್ಣು ಬೇಡ ಎಂದು ಎದ್ದು ಬಂದವರು. ಈ ಸಲ ಮೊದಲೇ ಹೇಳಿ ಕಳಿಸಿದ್ದರು: "ಬಜ್ಜಿ ಬೋಂಡ ಏನೂ ಬ್ಯಾಡ. ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರು, ಮುದ್ದೆ ಮಾಡ್ಲಿ. ಮನೆಯೋರೆಲ್ಲ ಕೈ ಹಾಕಿದ್ರೇನೇ ಆ ಸಾರು ಆಗೋದು. ಮನೆ ಎಂಗೈತೆ ಅಂತ ಅದ್ರಲ್ಲೇ ತಿಳೀತದೆ."

ಸರಿಯಪ್ಪ! ಶನಿವಾರವೇ ಸೊಗಡಿನ ಅವರೆಕಾಯಿ ಮೂಟೆ ತಂದು, ಸುಲಿದು, ರಾತ್ರಿಯೆಲ್ಲ ಕಾಳು ನೆನೆಹಾಕಿದ್ದಾಯಿತು. ಬೆಳಗ್ಗೆ ಕಾಫಿಯಾಗುತ್ತಲೇ ಕವಿತ, ಮೇಷ್ಟ್ರ ತಾಯಿ ಅಂಜಿನಮ್ಮ, ಪಕ್ಕದ ಮನೆಯ ಪಾಪಮ್ಮ, ಎದುರುಮನೆಯ ಮಮತ, ಎಲ್ಲರೂ ಪಡಸಾಲೆಯಲ್ಲಿ ಸುತ್ತಲೂ ಕೂತು ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಜಾರಿಸುತ್ತ ಹಿತಕತೊಡಗಿದರು. ನಡುವೆ ಒಂದೇ ಅಳತೆಯ ಎರಡು ಅಲ್ಯೂಮಿನಿಯಂ ಬೋಸಿಗಳು. ಎಡಗಡೆಯದಕ್ಕೆ ಬೇಳೆ, ಬಲಗಡೆಯದಕ್ಕೆ ಸಿಪ್ಪೆ. ಸಿಪ್ಪೆ ಹಿತ್ತಿಲಿನ ಹಸು ಕೆಂಪಿಗೆ. ಅರ್ಪಿತ ಮಾತ್ರ ತನ್ನದೊಂದು ಪುಟ್ಟ ಪಾತ್ರೆ ಇಟ್ಟುಕೊಂಡು, ಕೂದಲು ಬಿಟ್ಟುಕೊಂಡು, ಬಾಗಿಲ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದಳು.

ಮೇಷ್ಟ್ರೂ ಕೂತರು. ನಾಲ್ಕು ಕಾಳು ಹಿತಕುವುದರೊಳಗೆ ಅವರ ಉಗುರು ನೋಯತೊಡಗಿತು.

"ನಾನೊಂದು ಕೆಲ್ಸ ಮಾಡ್ತೀನಿ. ನಿಮಗೆ ಬೇಜಾರಾಗ್ದಂಗೆ ನನ್ನ ಕಾದಂಬರಿ ಓದ್ತೀನಿ!"

"ಬ್ಯಾಡ ಕಣ್ಲಾ ಮುನಿರಾಜ" ಎಂದರು ಅಂಜಿನಮ್ಮ. "ಹೋದ್ಸಲ ಆ ದೆವ್ವದ್ದು ಓದಿ ನಂಗೆ ಬಚ್ಚಲುಮನೆಗೆ ಹೋಗಕ್ಕೂ ಭಯ ಹುಟ್ಸಿದ್ದೆ."

"ಓದ್ಲಿ ಬಿಡಿ ಅಂಜಿನಕ್ಕ" ಎಂದಳು ಪಾಪಮ್ಮ. "ಕೆಲ್ಸ ಬೇಗ ಸಾಗ್ತದೆ."

ಇಷ್ಟೇ ಸಾಕಾಯಿತು. ಮೇಷ್ಟ್ರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಮೊದಮೊದಲು ಹೆಂಗಸರು ಬೇಳೆಗೆ ಎಷ್ಟು ಖಾರ ಹಾಕಬೇಕೆಂಬ ಚರ್ಚೆಯನ್ನೂ ಜೊತೆಗೇ ನಡೆಸಿದರು. ಆದರೆ ಮಿಲ್ಲಿನ ಕತ್ತಲೆಯಲ್ಲಿ ಯಾರದೋ ಚಪ್ಪಲಿಯ ಸದ್ದು ಕೇಳಿಸಿದಾಗ ಚರ್ಚೆ ನಿಂತಿತು. ಮಾಲೀಕನ ಕೈಯ ಟಾರ್ಚ್ ಆರಿದಾಗ ಮಮತಳ ಬಾಯಿ ತೆರೆದುಕೊಂಡಿತು. ಆಹಾ! ಇಷ್ಟು ವರ್ಷ ಬರೆದರೂ ಮೇಷ್ಟ್ರಿಗೆ ಇಂಥ ಸಭೆ ಸಿಕ್ಕಿರಲಿಲ್ಲ. ಅವರಿಗೆ ಆವೇಶ ಬಂದುಬಿಟ್ಟಿತು. ಓದುವುದು ಸಾಲದೆ ಅಭಿನಯಕ್ಕೇ ಇಳಿದರು.

"ಮಾಲೀಕ ತಿರುಗಿದ! ಹಿಂದಿಂದ ಪೆಟ್ಟು ಬಿತ್ತು! ಅಯ್ಯೋ...!"

ಸಾಯುವುದಕ್ಕೆ ಜಾಗ ಬೇಕಲ್ಲ? ನಡುವೆ ಇದ್ದ ಎರಡೂ ಬೋಸಿಗಳನ್ನು ಮೇಷ್ಟ್ರು ಸರಸರನೆ ಬದಿಗೆ ಸರಿಸಿ, ಧೊಪ್ಪನೆ ಬಿದ್ದು, ಕೈಕಾಲು ಒದರಿ, ಸೊಗಸಾಗಿ ಪ್ರಾಣಬಿಟ್ಟರು. ಮಮತ ಕಿಟಾರನೆ ಕಿರುಚಿದಳು. ಅಂಜಿನಮ್ಮ ಹೆತ್ತಮಗನೇ ಸತ್ತನೇನೋ ಎಂಬಂತೆ ಕಣ್ಣಿಗೆ ಸೆರಗು ಒತ್ತಿಕೊಂಡರು. ಮೇಷ್ಟ್ರು ಎದ್ದು ಧೂಳು ಕೊಡವಿ, ಬೋಸಿಗಳನ್ನು ಮತ್ತೆ ಇದ್ದಲ್ಲಿಗೇ ಎಳೆದಿಟ್ಟರು. ಇದ್ದಲ್ಲಿಗೇ ಅಂತ ಅವರು ಅಂದುಕೊಂಡಿದ್ದು! ಎಡಗಡೆಯದು ಬಲಕ್ಕೆ ಬಂದಿತ್ತು, ಬಲಗಡೆಯದು ಎಡಕ್ಕೆ ಹೋಗಿತ್ತು.

ಅಷ್ಟರಲ್ಲಿ ಕಾಳೂ ಮುಗಿದಿತ್ತು. ಅಂಜಿನಮ್ಮ ಮಗನ ಮುಖದಿಂದ ಕಣ್ಣು ಕೀಳದೆಯೇ ಬಲಗಡೆಯ ಬೋಸಿ ಎತ್ತಿಕೊಂಡರು. "ಬಂದೆ ತಡಿ, ನಾ ಬರೋಗಂಟ ಯಾರು ಕೊಂದ್ರು ಅಂತ ಹೇಳ್ಬ್ಯಾಡ" ಎನ್ನುತ್ತ ಹಿತ್ತಿಲಿಗೆ ಹೋಗಿ, ಕೆಂಪಿಯ ಮುಂದೆ ಅದನ್ನು ಕುಕ್ಕಿ, ಹಿಂದಕ್ಕೂ ತಿರುಗಿ ನೋಡದೆ ಓಡಿಬಂದರು. ಕವಿತಳೂ ಕಥೆಯ ಗುಂಗಿನಲ್ಲೇ ಉಳಿದ ಬೋಸಿಗೆ ತಟ್ಟೆ ಮುಚ್ಚಿ ಬದಿಗಿಟ್ಟಳು.

"ಕೊಂದಿದ್ದು ಭಾವಮೈದ್ನ ತಾನೆ ಮೇಷ್ಟ್ರೇ?" ಎಂದಳು ಪಾಪಮ್ಮ.

"ಅದನ್ನ ಪುಸ್ತಕ ಬಂದ್ಮೇಲೆ ಓದ್ಬೇಕು" ಎಂದು ಮೇಷ್ಟ್ರು ನಿಗೂಢವಾಗಿ ನಕ್ಕರು. ಗೊತ್ತಿದ್ದರೆ ತಾನೆ ಹೇಳುವುದು!

ಮಸಾಲೆ ರುಬ್ಬಿ, ಒಗ್ಗರಣೆ ಹಾಕಿ, ಕುದಿಯುವ ಸಾರಿಗೆ ಬೇಳೆ ಸುರಿಯಲು ಕವಿತ ತಟ್ಟೆ ತೆಗೆದಳು.

"ರೀ..."

ಮದುವೆಯಾದ ಗಂಡಸರಿಗೆ ಹೆಂಡತಿಯ ನಾನಾ ಬಗೆಯ 'ರೀ'ಗಳು ಗೊತ್ತಿರುತ್ತವೆ. ಇದು ಅಪರೂಪದ್ದು. ಮೇಷ್ಟ್ರು ಓಡಿದರು. ಬೋಸಿಯ ತುಂಬ ಸಿಪ್ಪೆ! ಕವಿತ ತಳದವರೆಗೂ ಕೈಹಾಕಿದಳು. ಸಿಪ್ಪೆ, ಸಿಪ್ಪೆ, ಬರೀ ಸಿಪ್ಪೆ! ಅಂಜಿನಮ್ಮನೂ ಸೇರಿ ಮೂವರೂ ಹಿತ್ತಿಲಿಗೆ ನುಗ್ಗಿದರು. ಕೆಂಪಿ ಖಾಲಿ ಬೋಸಿಯನ್ನು ಕನ್ನಡಿಯ ಹಾಗೆ ನೆಕ್ಕಿಟ್ಟು, ಇನ್ನೂ ಇದೆಯಾ ಎಂಬಂತೆ ಅಂಜಿನಮ್ಮನ ಮುಖ ನೋಡಿತು.

"ಅಯ್ಯೋ ನನ್ ಶಿವನೇ! ಬೀಗರ ಸಾರನ್ನ ಹಸು ತಿಂತಲ್ಲೋ!" ಎಂದು ಅಂಜಿನಮ್ಮ ತಲೆ ಮೇಲೆ ಕೈಹೊತ್ತು ಕೂತರು. ಪಕ್ಕದ ಹಿತ್ತಿಲಿನಿಂದ ಪಾಪಮ್ಮ ಇಣುಕಿ ನೋಡಿದಳು.

ಮೇಷ್ಟ್ರು ಖಾಲಿ ಬೋಸಿ ಎತ್ತಿಕೊಂಡು ನಿಂತರು. ಒಬ್ಬಳೇ ತಂಗಿ. ಅವಳು ಮೆಚ್ಚಿದ ಹುಡುಗ. ತನ್ನ ಒಂದು ಸಾವಿನ ಅಭಿನಯದಿಂದ ಎಲ್ಲ ಮಣ್ಣುಪಾಲಾಗುತ್ತದಲ್ಲ ಎಂದು ಅವರಿಗೆ ನಿಜವಾಗಿಯೂ ಕಣ್ಣು ತುಂಬಿಬಂತು. "ನಾನು ಹಾಳಾಗೋಗ್ಲಿ ಕವಿತ, ಆ ಮಗೀಗೆ ಏನಂತ ಹೇಳ್ಲಿ?" ಎಂದರು.

ಕವಿತ ಬೈಯಲೆಂದು ಬಾಯಿ ತೆರೆದವಳು ಗಂಡನ ಮುಖ ನೋಡಿ ಬೈಗುಳ ಬಿಟ್ಟು ಅವರನ್ನು ಅಡುಗೆಮನೆಗೆ ಕರೆತಂದಳು. ಅಲ್ಲಿ ಒಲೆಯ ಪಕ್ಕದಲ್ಲಿ ಮುಚ್ಚಿಟ್ಟಿದ್ದ ಪುಟ್ಟ ಪಾತ್ರೆ ಅವಳ ಕಣ್ಣಿಗೆ ಬಿತ್ತು. ಅರ್ಪಿತ ಹಿತಕಿದ ಬೇಳೆ! ಅವಳು ತನ್ನ ಪಾಲಿನದನ್ನು ಮುಗಿಸಿ, ತೊಳೆದು, ಜೋಪಾನವಾಗಿ ತಂದಿಟ್ಟಿದ್ದಳು. ಒಬ್ಬರ ಊಟಕ್ಕೆ ಸಾಕು.

"ರುಕ್ಮಿಣಮ್ಮೋರಿಗೆ ಇದ್ರಲ್ಲಿ ಬೇರೆ ಸಾರು ಮಾಡ್ತೀನಿ. ಮಿಕ್ಕೋರಿಗೆ ಬರೀ ಮಸಾಲೆ ಸಾರು ಬಡಿಸ್ತೀನಿ. ನೀವು ಬಾಯಿ ಬಿಡ್ಬೇಡಿ, ಅಷ್ಟು ಸಾಕು!" ಎಂದಳು ಕವಿತ. ಹೊರಗೆ ಕಾರಿನ ಹಾರನ್ ಕೇಳಿಸಿತು.

ಬಂದವರು ಮೂವರು. ರುಕ್ಮಿಣಮ್ಮ, ಅವರ ತಮ್ಮ ಸೊಣ್ಣಪ್ಪ, ಹುಡುಗ ಅಂಬರೀಶ್. ಅರ್ಪಿತ ನೀರು ಕೊಟ್ಟಳು, ನಮಸ್ಕಾರ ಮಾಡಿದಳು. ಎಲೆ ಹಾಸಿದ್ದಾಯಿತು, ಮುದ್ದೆ ಬಿತ್ತು. ರುಕ್ಮಿಣಮ್ಮ ಸಾರಿನಲ್ಲಿ ಮುದ್ದೆ ಅದ್ದಿ ನುಂಗಿ, ಕಣ್ಣು ಮುಚ್ಚಿ ತಲೆಯಾಡಿಸಿದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಅಂಜಿನಮ್ಮ ಮನೆದೇವರಿಗೆ ಹರಕೆ ಹೊತ್ತುಕೊಂಡರು.

ಆದರೆ ಸೊಣ್ಣಪ್ಪ ಬಿಡಬೇಕಲ್ಲ! ಸಾರಿನಲ್ಲಿ ಬೆರಳಾಡಿಸುತ್ತ, "ಅಲ್ಲ ಮೇಷ್ಟ್ರೇ, ಬೇಳೆ ಎಲ್ಲಿ?" ಎಂದರು.

ಬಾಯಿ ಬಿಡಬೇಡಿ ಅಂದಿದ್ದರೂ ಕಾದಂಬರಿಕಾರರು ಸುಮ್ಮನಿರುತ್ತಾರೆಯೇ? "ಅದು... ಅದು ನಮ್ ಕಡೆ ಹೊಸ ಪದ್ಧತಿ. ಬೇಳೆ ನುಣ್ಣಗೆ ಅರೆದು ಸಾರಲ್ಲೇ ಕರಗಿಸಿಬಿಡ್ತೀವಿ. ಹಲ್ಲಿಗೆ ಶ್ರಮ ಇರಲ್ಲ."

"ಅಕ್ಕನ ಎಲೇಲಿ ಇಡೀ ಬೇಳೆ ಕಾಣ್ತೈತಲ್ಲ?"

"ಅದು ಅವರ ಹಲ್ಲು ಗಟ್ಟಿ ಅಂತ..."

ಮಾತು ಮುಗಿಯುವ ಮೊದಲೇ ಪಾಪಮ್ಮ ಮಜ್ಜಿಗೆಯ ಚೊಂಬು ಹಿಡಿದು ದಡದಡನೆ ಒಳಗೆ ಬಂದಳು. "ಮೇಷ್ಟ್ರೇ, ನಂಗೆ ತಡ್ಕಳಕ್ಕಾಗ್ತಿಲ್ಲ! ಕೊಂದಿದ್ದು ಭಾವಮೈದ್ನ ಹೌದೋ ಅಲ್ವೋ ಹೇಳ್ಬಿಡಿ! ಎಂಥ ಕಥೆ ಓದಿದ್ರಿ ಅಂತೀನಿ! ಬೇಳೇನೆಲ್ಲಾ ಹಸೂಗಿಟ್ರೂ ಒಬ್ರಿಗೂ ಗೊತ್ತಾಗ್ಲಿಲ್ವಲ್ಲ!"

ಅಂಬರೀಶ್ ಮುದ್ದೆಯನ್ನು ಕೈಯಲ್ಲೇ ಹಿಡಿದು ಕೂತ. ಮೇಷ್ಟ್ರು ಇನ್ನೊಮ್ಮೆ ಸತ್ತರು, ಈ ಸಲ ನಿಂತಲ್ಲೇ.

"ಏನಿದು?" ಎಂದರು ರುಕ್ಮಿಣಮ್ಮ.

ಮೇಷ್ಟ್ರು ಕೈಮುಗಿದರು. "ತಪ್ಪೆಲ್ಲಾ ನಂದೇ ಅಮ್ಮ. ಕಥೆ ಓದ್ತಾ ಮೈಮರ್ತು ಬೋಸಿ ಅದಲು ಬದಲು ಮಾಡ್ದೆ. ಎಲ್ರೂ ಕಥೆ ಕೇಳ್ತಾ ಮೈಮರ್ತ್ರು. ನಂಗೆ ಏನ್ಬೇಕಾದ್ರೂ ಅನ್ನಿ, ನನ್ ತಂಗೀನ ಮಾತ್ರ ಬೇಡ ಅನ್ಬೇಡಿ."

"ಇವ್ರು ಯಾವಾಗ್ಲೂ ಹಿಂಗೇನಾ?" ಎಂದು ರುಕ್ಮಿಣಮ್ಮ ಕವಿತಳ ಕಡೆ ತಿರುಗಿದರು.

"ಯಾವಾಗ್ಲೂ ಹಿಂಗೇ ಅಮ್ಮ" ಎಂದಳು ಕವಿತ. "ಆದ್ರೆ ಮನುಷ್ಯ ಚಿನ್ನ."

ಮದುವೆಯಾದ ಹತ್ತು ವರ್ಷದಲ್ಲಿ ಮೊದಲ ಸಲ ಕೇಳಿದ ಈ ಮಾತಿಗೆ ಮೇಷ್ಟ್ರು ಆ ಸಂಕಟದಲ್ಲೂ ಸ್ವಲ್ಪ ಉಬ್ಬಿದರು.

"ಬೇಳೆಯೆಲ್ಲಾ ಹಸು ತಿಂತು ಅಂದ್ರೆ, ನನ್ನ ಎಲೇಲಿರೋದು ಯಾವ್ದು?"

"ಅದು ಅರ್ಪಿತ ಹಿತಕಿದ್ದು. ಅವಳೊಬ್ಬಳೇ ತನ್ನ ಪಾಲಿಂದು ಮುಗಿಸಿ, ತೊಳೆದು, ಮುಚ್ಚಿಟ್ಟಿದ್ಳು" ಎಂದಳು ಕವಿತ.

ರುಕ್ಮಿಣಮ್ಮ ಅರ್ಪಿತಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎಡಗೈಯಲ್ಲಿ ಸನ್ನೆ ಮಾಡಿ ಹತ್ತಿರ ಕರೆದರು. "ನೋಡ್ಲಾ ಸೊಣ್ಣಪ್ಪ! ಮನೆಯೋರು, ಬೀದಿಯೋರು ಎಲ್ರೂ ಬಾಯಿಬಿಟ್ಕಂಡು ಇವ್ರ ಕಥೆ ಕೇಳ್ತಾ ಕುಂತವ್ರೆ. ಈ ಹುಡುಗಿ ಒಬ್ಳು ಅದನ್ನ ಕಿವಿಗೇ ಹಾಕ್ಕೊಂಡಿಲ್ಲ! ತನ್ ಕೆಲ್ಸ ತಾನು ಮಾಡವ್ಳೆ. ನಮ್ಮನೇಗೆ ಇಂಥೋಳೇ ಬೇಕು. ತಾಂಬೂಲ ತಗೊಂಬನ್ನಿ."

ಅಬ್ಬಾ! ಅಂಜಿನಮ್ಮ ಬಾಗಿಲ ಸಂದಿಯಲ್ಲೇ ಗೊಳೋ ಎಂದು ಅತ್ತರು. ಮೇಷ್ಟ್ರೂ ಅತ್ತರು. ತಮ್ಮ ಕಾದಂಬರಿ ಕೇಳದೇ ಇದ್ದುದಕ್ಕೇ ತಂಗಿಯ ಮದುವೆ ಗಟ್ಟಿಯಾಯಿತು ಎಂಬುದು ಅವರಿಗೆ ಅರ್ಥವಾಗಿದ್ದು ಅತ್ತು ಮುಗಿಸಿದ ಮೇಲೆ.

ಸಂಜೆ ಬೀಗರು ಹೊರಟ ನಂತರ ಮೇಷ್ಟ್ರು ತಂಗಿಯನ್ನು ಮೆಟ್ಟಿಲ ಬಳಿ ಹಿಡಿದರು. ಸಂತೋಷವೇನೋ ಹೊಟ್ಟೆ ತುಂಬ ಇತ್ತು. ಆದರೂ ಬರಹಗಾರನ ಜೀವ, ಒಳಗೊಳಗೇ ಚುಚ್ಚುತ್ತಿತ್ತು.

"ಅಲ್ಲ ಕಣಮ್ಮ, ಪಾಪಮ್ಮನಂಥ ಪಾಪಮ್ಮನೇ ಮರುಳಾಗೋದ್ಳು. ನಿಂಗೊಬ್ಳಿಗೆ ನನ್ನ ಕಥೆ ಸ್ವಲ್ಪನೂ ಹಿಡಿಸ್ಲಿಲ್ವಾ?"

ಅರ್ಪಿತ ಆಚೀಚೆ ನೋಡಿ, ಬಿಟ್ಟ ಕೂದಲ ಕೆಳಗೆ ಕೈಹಾಕಿ, ಕಡಲೆಕಾಳಿನಷ್ಟು ಪುಟ್ಟ ಇಯರ್‌ಫೋನ್ ತೆಗೆದು ಅಣ್ಣನ ಅಂಗೈ ಮೇಲಿಟ್ಟಳು. "ಯಾರಿಗೂ ಹೇಳ್ಬೇಡ ಅಣ್ಣ. ಬೆಳಗ್ಗೆಯಿಂದ ಅಂಬರೀಶ್ ಲೈನಲ್ಲೇ ಇದ್ರು. ಅವರಮ್ಮನಿಗೆ ಏನಿಷ್ಟ, ಏನು ಇಷ್ಟ ಇಲ್ಲ ಅಂತ ಹೇಳ್ಕೊಡ್ತಿದ್ರು. 'ತೊಳ್ದು ಮುಚ್ಚಿಡು, ಅಮ್ಮಂಗೆ ಶುಚಿ ಬೇಕು' ಅಂದಿದ್ದೂ ಅವ್ರೇ."

ಕೊಲೆಗಾರರನ್ನು ಹಿಡಿಯುವ ಪತ್ತೇದಾರಿ ಕಾದಂಬರಿಕಾರರು ಬಾಯಿ ತೆರೆದುಕೊಂಡು ನಿಂತರು. ಕಣ್ಣೆದುರಿಗೇ, ಕೈಗೆಟುಕುವಷ್ಟು ದೂರದಲ್ಲಿ ಇಷ್ಟೆಲ್ಲ ನಡೆದಿದೆ! ಆದರೂ ಪೂರ್ತಿ ಸೋಲಲು ಮನಸ್ಸು ಬರಲಿಲ್ಲ.

"ಹಂಗಾದ್ರೆ ಫೋನಲ್ಲಿ ಅಂಬರೀಶ್‌ಗೂ ನನ್ನ ಕಥೆ ಕೇಳಿಸಿರ್ಬೇಕಲ್ಲ? ಅವ್ರೇನಂದ್ರು?" ಎಂದು ಆಸೆಯಿಂದ ಕೇಳಿದರು.

"ಅದೇನು ಅಷ್ಟೊಂದು ಕಿರುಚಾಟ ಅಂದ್ರು. ಟೀವೀಲಿ ಯಾವ್ದೋ ಧಾರಾವಾಹಿ ಬರ್ತೈತೆ ಅಂದೆ."

"ಅದಕ್ಕೆ?"

"ಮೊದ್ಲು ಚಾನೆಲ್ ಬದ್ಲಾಯ್ಸು ಅಂದ್ರು."