ಕೋಳಿ ಹಾಡಿನ ಅಳಿಯ

ಕುಶಾಲನಗರದಲ್ಲಿ ಮದುವೆಗಳಿಗೆ ಕೀಬೋರ್ಡ್ ನುಡಿಸಿಕೊಂಡು, ಅಂಗಡಿಗಳಿಗೆ ಜಾಹೀರಾತಿನ ಹಾಡು ಕಟ್ಟಿಕೊಂಡು ಬದುಕುವವನ ಮರ್ಯಾದೆ ವಾರಕ್ಕೊಂದು ಸಲವಾದರೂ ಹೋಗುತ್ತೆ. ಹೋದದ್ದು ಹೇಗೋ ತಿರುಗಿ ಬರುತ್ತೆ ಅನ್ನಿ. ನಮ್ಮ ಮಾವನ ಮುಂದೆ ಹೋದದ್ದು ಮಾತ್ರ ಬರುತ್ತಿರಲಿಲ್ಲ. ಅವರದು ಅಮ್ಮತ್ತಿ ಹತ್ತಿರ ಕಾಫಿ ತೋಟ. "ಅಳಿಯ ಏನು ಮಾಡ್ತಾರೆ?" ಅಂತ ಯಾರಾದರೂ ಕೇಳಿದರೆ, "ಕುಶಾಲನಗರದಲ್ಲಿದ್ದಾರೆ" ಅಂದು ಮಾತನ್ನು ಮಳೆ ಕಡೆ ತಿರುಗಿಸೋರು. ಅವರ ಬಾಯಲ್ಲಿ ಒಂದೇ ಒಂದು ಸಲ 'ನಮ್ಮ ಅಳಿಯ ಹಾಡುಗಾರ' ಅನ್ನಿಸಬೇಕು, ಅಷ್ಟೇ ನನ್ನ ಆಸೆ. ಬೇರೆ ಪ್ರಶಸ್ತಿ ಯಾರಿಗೆ ಬೇಕ್ರೀ?

ಆರು ಭಾಷೆ, ಒಂದು ಆಟೋ

ಕೋಳಿ ಅಂಗಡಿಯವರೊಬ್ಬರು ಬಂದರು. "ಸಾರ್, ನಮ್ಮ ಕೊಡಗಲ್ಲಿ ಎಲ್ಲಾ ಥರದ ಜನ ಇದ್ದಾರೆ. ಯಾರಿಗೂ ಬೇಜಾರಾಗಬಾರ್ದು. ಕನ್ನಡ, ಕೊಡವ, ಅರೆಭಾಷೆ, ಮಲಯಾಳ, ತಮಿಳು, ತುಳು, ಎಲ್ಲಾ ಹಾಕಿ."

ಎಲ್ಲಾ ಹಾಕಿದೆ. "ಹಾಡೋಕೆ ಬೇರೆಯವರನ್ನ ಕರೆಸ್ರೀ" ಅಂತ ಹೆಂಡತಿ ಬೇಡಿಕೊಂಡಳು. ಕೇಳಲಿಲ್ಲ, ನಾನೇ ಹಾಡಿದೆ. ಅಂಗಡಿ ಹೆಸರು ಕೊನೆಯಲ್ಲಿ, ಜೋರಾಗಿ. ಅಂಗಡಿಯವರು ಒಂದು ಆಟೋಗೆ ಮೈಕ್ ಕಟ್ಟಿ, ಹಾಡು ಹಾಕಿಸಿ ಊರೆಲ್ಲ ಸುತ್ತಲು ಬಿಟ್ಟರು.

ಎಡವಟ್ಟು ಏನಪ್ಪಾ ಅಂದರೆ, ಹಾಡು ಉದ್ದ, ಆಟೋ ಜೋರು. ತಮಿಳರ ಬೀದಿಗೆ ಬರುವಾಗ ತುಳು, ಮಲಯಾಳಿ ಬೇಕರಿ ಮುಂದೆ ಅರೆಭಾಷೆ. ಅಂಗಡಿ ಹೆಸರು ಬರುವಷ್ಟರಲ್ಲಿ ಆಟೋ ಹಾರಂಗಿ ರಸ್ತೆಯಲ್ಲಿ, ಕೇಳೋಕೆ ಎಮ್ಮೆಗಳು ಮಾತ್ರ. ಅಂಗಡಿಯವರು ಸಿಟ್ಟಾಗಿ ಡ್ರೈವರಿಗೆ, "ಹಾಡು ಮುಗಿಯೋವರೆಗೂ ಬಸ್‌ಸ್ಟ್ಯಾಂಡ್ ಬಿಟ್ಟು ಕದಲಬೇಡ" ಅಂದರು. ಅಲ್ಲಿ ನಿಲ್ಲಿಸೋ ಹಾಗಿಲ್ಲ. ಪಾಪ, ಅವನು ಸರ್ಕಲ್ಲನ್ನೇ ಸುತ್ತತೊಡಗಿದ. ಸುತ್ತಿದ, ಸುತ್ತಿದ. ಕೊನೆಗೆ ಪೊಲೀಸಪ್ಪ ಕೈ ಅಡ್ಡ ಹಿಡಿದು ಕೇಳಿದರು: "ಏನಯ್ಯಾ, ಹರಕೆ ಹೊತ್ತಿದ್ದೀಯಾ?"

ಸೀಟಿ

ನನ್ನ ಸ್ಟುಡಿಯೋ ಅಂದರೆ ಅಡುಗೆಮನೆ ಪಕ್ಕದ ಕೋಣೆ, ಗೋಡೆಗೆಲ್ಲ ಕಂಬಳಿ. ಗೊಬ್ಬರದ ಅಂಗಡಿಯ ಹಾಡು ರೆಕಾರ್ಡ್ ಮಾಡುವಾಗ ಕೊನೇ ಸಾಲಿಗೆ ಸರಿಯಾಗಿ ಕುಕ್ಕರ್ ಸೀಟಿ ಹೊಡೆಯಿತು. ಅಂಗಡಿಯವರು ಕೇಳಿ ಕುಣಿದುಬಿಟ್ಟರು. "ಹಾಡು ಹೇಗಾದ್ರೂ ಇರ್ಲಿ ಸಾರ್, ಆ ಸೀಟಿ ಮಾತ್ರ ತೆಗೀಬೇಡಿ!"

ಆಮೇಲೆ ಅಕ್ಕಿ ಅಂಗಡಿಯವರಿಗೂ ಅದೇ ಸೀಟಿ ಬೇಕಾಯಿತು. ಹಳೇದನ್ನೇ ಅಂಟಿಸೋಣ ಅಂದರೆ ಅದು ನನ್ನ ದನಿ ಮೇಲೇ ಕೂತಿತ್ತು. ಸರಿ, ಹೆಂಡತಿ ಬೇಳೆ ಇಟ್ಟಳು. ನಾನು ಹಾಡುವಾಗ ಕುಕ್ಕರ್ ಗಪ್‌ಚುಪ್, ಉಸಿರೆಳೆದುಕೊಂಡರೆ ಸೀಟಿ. ಬೇಳೆ ಬೆಂದು ಅಂಟಾಯಿತು. ರೇಗಿ ಹೋಗಿ, "ತಾಳಜ್ಞಾನವೇ ಇಲ್ಲ!" ಅಂದೆ.

ಹೆಂಡತಿ ಸೌಟು ಹಿಡಿದು ಬಾಗಿಲಿಗೆ ಬಂದಳು. "ಯಾರಿಗೆ ಹೇಳಿದ್ದು?"

"ಕುಕ್ಕರಿಗೆ" ಅಂದೆ. ಸಂಸಾರ ನಡೆಸೋದು ಹೀಗೆ.

ಕಣ್ಣು ಮುಚ್ಚಿ ನುಡಿಸಿದ್ದು

ಮಾವನ ಕಡೆಯವರ ಮದುವೆ, ನಮ್ಮೂರಲ್ಲೇ. ಕೀಬೋರ್ಡಿಗೆ ನಾನು. ಮಾವ ಮುಂದಿನ ಸಾಲಲ್ಲೇ ಕೂತಿದ್ದರು. ಇವತ್ತು ತೋರಿಸ್ತೀನಿ ನಾನು ಯಾರು ಅಂತ, ಅಂದುಕೊಂಡೆ. ಹೆಣ್ಣು ಮಂಟಪಕ್ಕೆ ಬರುವ ಹೊತ್ತಿಗೆ ಕಣ್ಣು ಮುಚ್ಚಿ ಮೆಲ್ಲಗೆ ಮೋಹನ ರಾಗ ಎತ್ತಿಕೊಂಡೆ. ಅದೇ ಗಳಿಗೆಗೆ ಹೊರಗೆ ಕೋಳಿ ಆಟೋ ಬರಬೇಕೇ! ಕಿವಿ ಹೋದ ಕಡೆಗೇ ಬೆರಳೂ ಹೋದವು. ಕಣ್ಣು ಬಿಟ್ಟರೆ ಮಕ್ಕಳೆಲ್ಲ ಕುರ್ಚಿ ಮೇಲೆ ನಿಂತು "ಬನ್ನಿರಣ್ಣ, ಬನ್ನಿರಕ್ಕ, ತಾಜಾ ಕೋಳಿ!" ಅಂತ ಹಾಡುತ್ತಿವೆ. ಹೆಣ್ಣು ನಕ್ಕು ನಕ್ಕು ಹಾರ ಕೈಜಾರಿಸಿದಳು.

ಮಾವ ಎದ್ದು ಊಟದ ಹಾಲಿಗೆ ಹೋದರು. ಇನ್ನೂ ಎಲೆ ಹಾಕಿರಲಿಲ್ಲ. ಖಾಲಿ ಟೇಬಲ್ ಮುಂದೆ ಒಬ್ಬರೇ ಕೂತಿದ್ದರಂತೆ.

ಮಾವ ಹಾಡಿ ಅಂದ ದಿನ

ಕಾಫಿ ಹಣ್ಣು ಕೀಳುವ ಕಾಲ. ಬೆಳಗ್ಗೆ ಮಾವನ ಫೋನು, ಹೆಂಡತಿಗೆ. ತೋಟದೊಳಗೆ ಒಂಟಿ ಆನೆ ಬಂದು ನಿಂತಿದೆ, ಪಿಕ್ಕಿಂಗ್‌ಗೆ ಆಳುಗಳ್ಯಾರೂ ಲೈನುಮನೆಯಿಂದ ಹೊರಗೆ ಬರ್ತಿಲ್ಲ, ಹಣ್ಣೆಲ್ಲ ಉದುರಿ ಹೋಗ್ತಿದೆ. "ಅಳಿಯಂದ್ರ ಹತ್ರ ದೊಡ್ಡ ಸ್ಪೀಕರ್ ಇದೆಯಲ್ಲ, ತರೋಕೆ ಹೇಳು."

ಕರೆದದ್ದು ಸ್ಪೀಕರನ್ನು, ನನ್ನನ್ನಲ್ಲ. ಆದರೂ ಹೋದೆ. ಪಟಾಕಿ ಹೊಡೆಯೋದು, ತಗಡು ಬಡಿಯೋದು ಎಲ್ಲಾ ಮುಗಿದಿತ್ತು. ಆನೆ ಹಲಸಿನ ಮರಕ್ಕೆ ಬೆನ್ನು ಉಜ್ಜಿಕೊಂಡು ಆರಾಮಾಗಿತ್ತು. ತೋಟದ ಲೆಕ್ಕ ನೋಡೋ ರೈಟರು ಜಗಲಿಯಿಂದಲೇ ತಮ್ಮ ಮೊಬೈಲನ್ನು ನನ್ನ ಸ್ಪೀಕರಿಗೆ ಜೋಡಿಸಿ ಹುಲಿ ಗರ್ಜನೆ ಹಾಕಿದರು. ಆನೆ ತಿರುಗಿಯೂ ನೋಡಲಿಲ್ಲ. ಡೋಲು ಹಾಕಿದರು. ತಲೆದೂಗಿತು. ಅಷ್ಟರಲ್ಲಿ ಮೊಬೈಲಿನ ಚಾರ್ಜು ಮುಗಿಯಿತು.

ಮಾವ ನನ್ನ ಕಡೆ ನೋಡಿದರು. "ಅಳಿಯಂದ್ರೇ, ಏನಾದ್ರೂ ಹಾಡಿ."

ಮದುವೆಯಾದಾಗಿನಿಂದ ಈ ಮಾತಿಗೆ ಕಾದವನು ನಾನು. ಮೈಕ್ ಹಿಡಿದರೆ ಯಾವ ರಾಗವೂ ನೆನಪಾಗಲಿಲ್ಲ, ಬಾಯಿಗೆ ಬಂದದ್ದು ಕೋಳಿ ಹಾಡು. ಕನ್ನಡವನ್ನು ಆನೆ ಹೇಗೋ ಸಹಿಸಿಕೊಂಡಿತು. ಕೊಡವ ಭಾಷೆಗೆ ಕಿವಿ ಬೀಸೋದು ನಿಲ್ಲಿಸಿತು. ಅರೆಭಾಷೆಗೆ ಒಂದು ಹೆಜ್ಜೆ ಹಿಂದೆ. ಮಲಯಾಳದಲ್ಲಿ ಮೇಲಿನ ಸ್ವರಕ್ಕೆ ಏರಿದ್ದೇ ತಡ, ಬಾಲ ಎತ್ತಿಕೊಂಡು, ಬೇಲಿ ಮುರಿದುಕೊಂಡು ಓಡಿತು ನೋಡಿ! ತಮಿಳು, ತುಳು ಹಾಗೇ ಉಳಿದವು.

ಲೈನುಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಅಕ್ಕಪಕ್ಕದ ತೋಟದವರು ಓಡಿ ಬಂದರು. ಮಾವ ಎಲ್ಲರೆದುರು ನನ್ನ ಹೆಗಲ ಮೇಲೆ ಕೈ ಹಾಕಿದರು. "ಇವರು ನಮ್ಮ ಅಳಿಯ. ಹಾಡುಗಾರರು. ಇವರು ಬಾಯಿ ತೆಗೆದ್ರೆ ಆನೆ ಕೂಡ ನಿಲ್ಲಲ್ಲ!"

ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಪಕ್ಕದ ತೋಟದವರು ಮಾವನನ್ನು ಒತ್ತಟ್ಟಿಗೆ ಕರೆದು ಮೆಲ್ಲಗೆ ಕೇಳಿದರು: "ನಮ್ಮಲ್ಲಿ ಆನೆ ಕಾಟ ಇಲ್ಲ. ಕಾಡುಹಂದಿಗೇನಾದ್ರೂ ಹಾಡ್ತಾರಾ?"

ಮಾವ ನನ್ನ ಮುಖವನ್ನೂ ನೋಡಲಿಲ್ಲ. "ಹಾಡದೆ ಏನು! ನಾಳೆ ಬೆಳಗ್ಗೆನೇ ಕಳಿಸ್ತೀನಿ."