ಉಂಡು ಆಡುವ ಫುಟ್ಬಾಲು

ನಮ್ಮ ಚಿಕ್ಕಪ್ಪನಷ್ಟು ನಿಷ್ಠೆಯ ಫುಟ್ಬಾಲ್ ಆಟಗಾರ ಶಿಕಾರಿಪುರ ತಾಲೂಕಿನಲ್ಲೇ ಇರಲಿಲ್ಲ. ಅವನು ಚೆಂಡು ಒದ್ದದ್ದನ್ನು ಮಾತ್ರ ನಾನು ಕಂಡಿಲ್ಲ. ಇದು ಉತ್ಪ್ರೇಕ್ಷೆ ಎನ್ನುವವರು ಸಾಕ್ಷಿ ತರಲಿ. ನಾನು ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದವನು, ಸಾಕ್ಷಿಯಿಲ್ಲದ ಮಾತು ಒಪ್ಪುವುದಿಲ್ಲ.

ಕನ್ನಡ ನಾಡು ಒಂದಾಗಿ ವರ್ಷ ತುಂಬಿತ್ತು. ನಮ್ಮ ಮನೆಯೂ ಸೊರಬದ ಅತ್ತೆಯ ಮನೆಯೂ ಮಾತ್ರ ಒಂದಾಗಿರಲಿಲ್ಲ. ಅತ್ತೆ ಚಿಕ್ಕಪ್ಪನ ಒಡಹುಟ್ಟಿದ ಅಕ್ಕ. ಏಳು ವರ್ಷದ ಹಿಂದೆ ಅವಳ ಗಂಡ, ಅಂದರೆ ನಮ್ಮ ಮಾವ, ಹೊಸ ಎತ್ತು ಕೊಂಡಿದ್ದರು. ಚಿಕ್ಕಪ್ಪ ಅದರ ಬಾಯಿ ತೆರೆದು ಹಲ್ಲು ನೋಡಿ, "ಭಾವ, ಇದು ನಮ್ಮಜ್ಜನ ಕಾಲದಾಗೆ ಉಳುಮೆ ಮಾಡಿದ್ದಲ್ಲೇನ್ರೀ?" ಎಂದನಂತೆ. "ಇನ್ನು ನನ್ನ ಹೊಸ್ತಿಲು ತುಳೀಬೇಡ" ಎಂದರಂತೆ ಮಾವ. ಎತ್ತು ಆ ವರ್ಷವೇ ಸತ್ತಿತು. ಚಿಕ್ಕಪ್ಪನ ಮಾತು ನಿಜವಾದ ಮೇಲೆ ರಾಜಿಯಾಗುವುದುಂಟೆ? ಅತ್ತೆ ತವರಿಗೆ ಬರುವುದೂ ನಿಂತಿತು.

ಹೀಗಿರುವಾಗ, ಸೊರಬದಲ್ಲಿ ಫುಟ್ಬಾಲ್ ತಂಡವಾಗಿದೆ, ಅತ್ತೆಯ ಮಗನೇ ಅದರ ಗೋಲ್‌ಕೀಪರ್ ಎಂಬ ಸುದ್ದಿಯನ್ನು ಬಸ್ಸಿನ ಕಂಡಕ್ಟರ್ ತಂದ. ಮರುವಾರವೇ ಚಿಕ್ಕಪ್ಪ ಕಿರಾಣಿ ಅಂಗಡಿಗೆ ಬೀಗ ಹಾಕಿ, ಶಿವಮೊಗ್ಗಕ್ಕೆ ಹೋಗಿ ಚೆಂಡು ತಂದ. ನಮ್ಮೂರಿನ ಕ್ಲಬ್ಬು ಹುಟ್ಟಿದ್ದು ಹೀಗೆ. ಮೊದಲ ದಿನ ಏಳು ಜನ. ಅದರಲ್ಲಿ ಇಬ್ಬರು ಚೆಂಡು ನೋಡಲು ಬಂದವರು. ಬಡಗಿ ಬಿದಿರು ನೆಟ್ಟು ಗೋಲು ನಿಲ್ಲಿಸಿದ. ಗಾಳಿ ತುಂಬಲು ಕರೆದ ಸೈಕಲ್ ಅಂಗಡಿಯವನು ಪರೀಕ್ಷೆಗೆಂದು ಒದ್ದ ಒದೆಗೆ ಚೆಂಡು ಕೆರೆ ಸೇರಿತು. ಅವನೇ ಸೆಂಟರ್ ಫಾರ್ವರ್ಡ್ ಆದ. ದರ್ಜಿ, ಉಳಿದಿದ್ದ ಹಾಸಿಗೆಯ ಪಟ್ಟೆ ಬಟ್ಟೆಯಲ್ಲಿ ಎಲ್ಲರಿಗೂ ಅಂಗಿ ಹೊಲಿದು ತಾನೂ ಒಂದು ತೊಟ್ಟುಕೊಂಡ.

ಕಾನೂನು ಚಿಕ್ಕಪ್ಪನದು. ಆಟಕ್ಕೆ ಮುಂಚೆ, ಊರಿನ ತಂಡದ ಪ್ರತಿಯೊಬ್ಬನೂ ಬಂದ ತಂಡದಲ್ಲಿ ತನ್ನದೇ ಜಾಗದಲ್ಲಿ ಆಡುವವನನ್ನು ಮನೆಗೆ ಕರೆದು ಊಟ ಹಾಕಬೇಕು. ಗೋಲ್‌ಕೀಪರ್ ಮನೆಗೆ ಗೋಲ್‌ಕೀಪರ್, ಬ್ಯಾಕ್ ಮನೆಗೆ ಬ್ಯಾಕ್. ಸೊರಬದವರು ಕಾಗದ ಬರೆದು ಒಪ್ಪಿದರು.

"ಉಂಡು ಓಡೋದು ಹೆಂಗೆ? ಊಟ ಆಮೇಲೆ ಇಟ್ಕಳನ" ಎಂದೆ.

"ಸೋತ ಮೇಲೆ ಹಾಕೋದು ಸಮಾಧಾನದ ಊಟ. ಮೊದಲೇ ಹಾಕಿದ್ರೆ ನೆಂಟಸ್ತನ. ಉಂಡ ಮನೆಯೋನ ಕಾಲು ಯಾರೂ ಮುರಿಯಲ್ಲ."

"ಸರಿ, ನಿನ್ನ ಜಾಗ ಯಾವುದು?"

"ಗೋಲ್‌ಕೀಪರ್."

ವಯಸ್ಸು ನಲವತ್ತೆಂಟು, ಕಚ್ಚೆಪಂಚೆ, ಮಂಡಿನೋವು. "ಅಂದ್ರೆ ಅತ್ತೆ ಮನೆ ಊಟ" ಎಂದೆ.

"ಆಟದ ವಿಷಯದಾಗೆ ಮನೆತನದ ಮಾತು ತರಬ್ಯಾಡ" ಎಂದ.

ಸೊರಬದಲ್ಲಿ ಮೊದಲ ಪಂದ್ಯ. ಆ ಬೆಳಿಗ್ಗೆಯೇ ಮಾವ ಮಗನನ್ನು ಗೋಲಿನಿಂದ ತೆಗೆಸಿ ಬಲ ಅಂಚಿನ ರೈಟ್ ಔಟ್ ಮಾಡಿಸಿದ್ದರು! ಅತ್ತೆಯ ಮನೆಯ ಊಟ ನಮ್ಮ ರೈಟ್ ಔಟ್ ದರ್ಜಿಯ ಪಾಲಾಯಿತು. ಬೇರೆಯವರ ಮನೆಯಲ್ಲಿ ಅರ್ಧ ರೊಟ್ಟಿಗೇ ಕೈ ತೊಳೆದ ಚಿಕ್ಕಪ್ಪ ಒಂಬತ್ತು ಗೋಲು ಬಿಟ್ಟ. ಹತ್ತನೆಯದನ್ನು ಬಿದಿರು ತಡೆಯಿತು.

ಎರಡನೆಯ ಪಂದ್ಯವನ್ನೂ ಚಿಕ್ಕಪ್ಪ ಸೊರಬದಲ್ಲೇ ಇಡಿಸಿದ; ಈ ಸಲ ಅವನು ರೈಟ್ ಔಟ್. ಮಾವ ಮಗನನ್ನು ಲೆಫ್ಟ್ ಬ್ಯಾಕಿಗೆ ಸರಿಸಿದರು. ಅದು ನನ್ನ ಜಾಗ, ಹಾಗಾಗಿ ಊಟಕ್ಕೆ ಹೋದವನು ನಾನು. ಅತ್ತೆ ನನ್ನ ಪಕ್ಕ ಒಂದು ಎಲೆ ಹೆಚ್ಚಿಗೆ ಹಾಕಿ, ಹೋಳಿಗೆ ಸಮೇತ ಪೂರ್ತಿ ಬಡಿಸಿದಳು. ಬಡಿಸಿದ್ದನ್ನು ಚೆಲ್ಲುವಂತಿಲ್ಲ; ತಮ್ಮದು ಮುಗಿಸಿದ ಮಾವ ಆ ಎಲೆಗೂ ಕೂತರು. ಇದನ್ನು ಹೇಳಿದರೆ ಚಿಕ್ಕಪ್ಪ ಕೇಳಿದ್ದು ಒಂದೇ: "ಹೂರಣ ನುಣ್ಣಗಿತ್ತಾ?"

ಮೂರನೆಯ ಪಂದ್ಯಕ್ಕೆ ನನ್ನ ಜಾಗವನ್ನೇ ಕಿತ್ತುಕೊಂಡ.

"ಆಟ ನೋಡಿ ಜಾಗ ಕೊಡ್ತಾರೋ, ಊಟ ನೋಡಿಯೋ?" ಎಂದು ಜಗಳಕ್ಕೆ ನಿಂತೆ.

"ನಿಂಗೆ ಎಲ್ಲಿ ನಿಂತ್ರೂ ವಾದ ಮಾಡಾಕೆ ಬರ್ತದೆ. ಗೋಲಿನಾಗೆ ನಿಂತ್ಕಂಡು ಮಾಡು."

ಸೊರಬದಲ್ಲಿ ಇಳಿದರೆ ಅವರ ಕಡೆ ಹತ್ತೇ ಜನ. ಮಾವ ಮಗನನ್ನು ಭತ್ತ ತರಲು ಹತ್ತಿರದ ಉಳವಿಗೆ ಕಳಿಸಿಬಿಟ್ಟಿದ್ದರು. ಹತ್ತು ಜನ ನಮ್ಮ ಹತ್ತು ಜನರನ್ನು ಊಟಕ್ಕೆ ಕರೆದರು. ಚಿಕ್ಕಪ್ಪ ಹಾಸಿಗೆ ಬಟ್ಟೆಯ ಅಂಗಿ ತೊಟ್ಟು ಮೈದಾನದ ಅಂಚಿನಲ್ಲಿ ಒಬ್ಬನೇ ಕೂತ.

"ನನ್ನ ಜತೆ ಬಾ ಚಿಕ್ಕಪ್ಪ, ಯಾರೂ ಬ್ಯಾಡ ಅನ್ನಲ್ಲ" ಎಂದೆ.

"ಕಾನೂನು ಕಾನೂನೇ. ನೀ ನಡಿ."

ನಾನು ಕದಲಲಿಲ್ಲ. ಅಷ್ಟರಲ್ಲಿ ಮಾವ ಬಂದರು. ಪಂಚೆ ಎತ್ತಿ ಕಟ್ಟಿದ್ದರು. ಮೇಲೆ ಮಗನ ಆಟದ ಅಂಗಿ, ಹೊಟ್ಟೆಯ ಮೇಲೆ ಗುಂಡಿ ಸೇರಿರಲಿಲ್ಲ.

"ಇವತ್ತು ಲೆಫ್ಟ್ ಬ್ಯಾಕ್ ನಾನು" ಎಂದರು, ಚಿಕ್ಕಪ್ಪನ ಮುಖ ನೋಡದೆ. "ನಿನ್ನ ಎಲೇನೂ ನಾನೇ ಉಣ್ಣೋದು ಇನ್ನು ನನ್ನ ಕೈಲಾಗಲ್ಲ ಮಾರಾಯ. ಏಳು."

ಊಟಕ್ಕೆ ಹೋದ ಇಬ್ಬರೂ ಆ ದಿನ ಮತ್ತೆ ಮೈದಾನಕ್ಕೆ ಬರಲಿಲ್ಲ. ಹತ್ತು ಹತ್ತು ಜನ ಆಡಿ ಸಮ ಮಾಡಿಕೊಂಡೆವು. ಸಂಜೆಯ ಬಸ್ಸಿಗೆ ಚಿಕ್ಕಪ್ಪ ಬಂದು ಪಕ್ಕದಲ್ಲಿ ಕೂತ. ಆಟ ತಪ್ಪಿಸಿದ್ದಕ್ಕೆ ನನ್ನ ವಾದ ಸಿದ್ಧವಿತ್ತು.

"ಅಕ್ಕನ ಕೈ ನಡುಗ್ತದೆ ಕಣೋ" ಎಂದ. "ಹೋದ ಸಲ ನೀ ಅಲ್ಲೇ ಕೂತು ಉಂಡ್ಯಲ್ಲ, ಹೇಳ್ಲೇ ಇಲ್ಲ."

ನಾನು ನೋಡಿರಲಿಲ್ಲ.

"ತುಪ್ಪ ಎಲೆಯಿಂದಾಚೆ ಬೀಳೋದ್ರಾಗಿತ್ತು. ನಾನು ಸದ್ದಿಲ್ದಂಗೆ ಎಲೇನೇ ಆ ಕಡೆ ಸರಿಸ್ಕಂಡೆ."